ಹರಿವೆಯ ಬೇರು

ಖಾನಾಪುರದ ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆಯಿತ್ತು. ಅಪ್ಪ ಆ ಕಾರ್ಖಾನೆಯ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸದಲ್ಲಿದ್ದ. ಬೇಯುವಾಗ ಸೊಟ್ಟಗಾದ ಹಂಚುಗಳನ್ನು ಕಾರ್ಖಾನೆಯವರು ಕೆಲಸಗಾರರಿಗೇ ಬಿಟ್ಟುಕೊಡುತ್ತಿದ್ದರು. ನಮ್ಮ ಚಾವಣಿಯೆಲ್ಲ ಅಂಥ ಹಂಚಿನದೇ. ಒಂದರ ಮೇಲೊಂದು ಸರಿಯಾಗಿ ಕೂಡದೆ ನಡುವೆ ಸಂದು ಉಳಿದು, ಬೆಳಗಿನ ಹೊತ್ತು ನೆಲದ ತುಂಬ ಬಿಸಿಲಿನ ಕಾಸುಗಳು ಬಿದ್ದಿರುತ್ತಿದ್ದವು. ಮೂರು ಕೋಣೆ. ಮುಂದಿನದರಲ್ಲಿ ಗಂಡಸರು ಮಲಗುವುದು, ನಡುವೆ ಅಡುಗೆ, ಹಿಂದೆ ಕಿಟಕಿಯಿಲ್ಲದ ಒಂದು ಕತ್ತಲೆ ಕೋಣೆ. ಅದರಲ್ಲಿ ಉಳಿದ ದಿನಗಳಲ್ಲಿ ಅಕ್ಕಿಯ ಚೀಲ, ಉಳ್ಳಾಗಡ್ಡಿ, ಮುರಿದ ತೊಟ್ಟಿಲು ಇರುತ್ತಿದ್ದವು. ಮನೆಯ ಹೆಣ್ಣುಮಕ್ಕಳ ಹೆರಿಗೆ ಹತ್ತಿರ ಬಂದಾಗ ಅವನ್ನೆಲ್ಲ ಹೊರಗೆ ಹಾಕಿ, ಸಗಣಿ ಸಾರಿಸಿ, ಹೆರುವವಳು ಹಿಡಿದುಕೊಳ್ಳಲೆಂದು ತೊಲೆಗೆ ಒಂದು ಹಗ್ಗ ಇಳಿಬಿಡುತ್ತಿದ್ದರು. ನಾನೂ ಅಕ್ಕನೂ ಹುಟ್ಟಿದ್ದು ಆ ಹಗ್ಗದ ಕೆಳಗೆ. ಅಡುಗೆಮನೆಗೂ ಆ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಆ ಗೋಡೆಯಲ್ಲಿ ದೀಪ ಇಡುವಂಥ ಒಂದು ಮಾಡ, ಮಾಡದಲ್ಲಿ ಮುಚ್ಚಳವಿದ್ದ ಸಣ್ಣ ಹಿತ್ತಾಳೆ ಡಬ್ಬಿ. ನಾನು ಹೇಳಬೇಕಾಗಿರುವುದೆಲ್ಲ ಆ ಡಬ್ಬಿಯ ವಿಷಯ.

ಡಬ್ಬಿ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ, ನಮ್ಮ ಭಾಗದ ಸೂಲಗಿತ್ತಿ. ಪೇಟೆಯ ದಿನ ಅವಳ ಜೊತೆ ಹೋದರೆ ಅರ್ಧ ಊರು ದಾರಿ ಬಿಡುತ್ತಿತ್ತು. ಯಾರ ಹೆಸರೂ ಅವಳಿಗೆ ನೆನಪಿರುತ್ತಿರಲಿಲ್ಲ, ಯಾರು ಹೇಗೆ ಹುಟ್ಟಿದರೆಂಬುದು ಮಾತ್ರ ಮರೆಯುತ್ತಿರಲಿಲ್ಲ. ಮೀಸೆ ತಿರುವಿಕೊಂಡು ಬರುವ ಟಪಾಲಿನವನನ್ನು ನಡುಬೀದಿಯಲ್ಲಿ ನಿಲ್ಲಿಸಿ ನನಗೆ ತೋರಿಸುತ್ತಿದ್ದಳು.

"ಇಂವ ಕಾಲು ಮುಂದ ಮಾಡಿ ಬಂದಾಂವ. ಅದಕ್ಕ ನೋಡು, ಇವನ ಟಪಾಲು ಯಾವಾಗಲೂ ತಡಾ."

"ಆಯೀ, ಮಂದಿ ಮುಂದ ಬ್ಯಾಡ," ಎಂದು ಆತ ಕೈಮುಗಿಯುತ್ತಿದ್ದ.

ಹಿತ್ತಾಳೆ ಡಬ್ಬಿಯಲ್ಲಿ ಇರುತ್ತಿದ್ದದ್ದು ಉತ್ತರಾಣಿಯ ಬೇರು. ಉತ್ತರಾಣಿ ಯಾರಿಗೆ ಗೊತ್ತಿಲ್ಲ? ಗೋಡೆಯ ಬುಡದಲ್ಲಿ ಬೆಳೆದು ಧೋತರಕ್ಕೆ ಮುಳ್ಳುಬೀಜ ಅಂಟಿಸುವ ಕಳೆ. ಆದರೆ ಆಯಿಗೆ ಗೋಡೆಯ ಬುಡದ್ದು ಆಗುತ್ತಿರಲಿಲ್ಲ. ಮಲಪ್ರಭೆಯ ದಂಡೆಯಲ್ಲಿ, ದನಗಳು ನೀರಿಗಿಳಿಯುವ ಜಾಗದಲ್ಲಿ ಬೆಳೆದ ಕೆಂಪು ದಂಟಿನದೇ ಬೇಕು. ಭಾನುವಾರ ಬಿಸಿಲೇರುವ ಮೊದಲು ಹೋಗಬೇಕು. ಕಬ್ಬಿಣ ತಾಗಿಸದೆ ಆಡಿನ ಕೊಂಬಿನಿಂದ ಅಗೆಯಬೇಕು. ಕಿತ್ತ ಮೇಲೆ ಮನೆ ಸೇರುವವರೆಗೆ ಯಾರೊಂದಿಗೂ ಮಾತಾಡಬಾರದು. ಬೇರನ್ನು ತೊಳೆದು ಅರಿಸಿನ ಹಚ್ಚಿ ಡಬ್ಬಿಯಲ್ಲಿಟ್ಟರೆ ನೋವು ಶುರುವಾಗುವ ದಿನದವರೆಗೆ ಅದು ಅಲ್ಲೇ. ಆ ದಿನ ಅರ್ಧ ಬೇರನ್ನು ಬಸುರಿಯ ಮದುವೆ ಸೀರೆಯಿಂದ ಎಳೆದ ದಾರದಲ್ಲಿ ಎಡತೊಡೆಗೆ ಕಟ್ಟುವುದು, ಇನ್ನರ್ಧವನ್ನು ತೇಯ್ದು ಹೊಕ್ಕುಳ ಕೆಳಗೆ ಹಚ್ಚುವುದು. ಕೂಸು ಹೊರಬಿದ್ದ ತಕ್ಷಣ ಆಯಿಯ ಕೈ ಮೊದಲು ಹೋಗುತ್ತಿದ್ದದ್ದು ತೊಡೆಯ ದಾರಕ್ಕೆ, ಆಮೇಲೆ ಹೊಕ್ಕುಳಬಳ್ಳಿಗೆ. ಕ್ಷಣ ತಡವಾದರೂ ಬೇರು ಎಳೆಯುತ್ತಲೇ ಇರುತ್ತದೆ, ಒಳಗಿನದನ್ನೆಲ್ಲ ಎಳೆದುಬಿಡುತ್ತದೆ ಎಂದು ಅವಳ ನಂಬಿಕೆ. ಕೊನೆಯ ನಿಯಮ, ಗಂಡ ಸತ್ತವಳು ಆ ಬೇರನ್ನು ಮುಟ್ಟಬಾರದು.

ನಮ್ಮ ಮನೆಯಲ್ಲಿ ಗಂಡ ಸತ್ತವಳೊಬ್ಬಳಿದ್ದಳು. ಶೇವಂತಿ ಅತ್ತೆ, ಅಪ್ಪನ ತಂಗಿ, ಆಯಿಯ ಹೊಟ್ಟೆಯಲ್ಲೇ ಹುಟ್ಟಿದವಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದಿದ್ದಳು. ನನ್ನನ್ನೂ ಅಕ್ಕನನ್ನೂ ಎತ್ತಿ ಆಡಿಸಿದವಳು ಅವಳು. ಆಡು ಕರೆಯುತ್ತಿದ್ದಳು, ಖಾರ ಕುಟ್ಟುತ್ತಿದ್ದಳು, ಅಕ್ಕನ ಉದ್ದ ಕೂದಲನ್ನು ಬಿಡಿಸಿ ಬಾಚುವುದಕ್ಕೆ ದಿನಾ ಸಂಜೆ ಅರ್ಧ ಗಂಟೆ ಕೂಡುತ್ತಿದ್ದಳು. ಅಡುಗೆಮನೆಯ ಆ ಗೋಡೆಯ ಹತ್ತಿರ ಬಂದಾಗ ಮಾತ್ರ ಅವಳ ಮೈ ತಾನಾಗಿ ಒಂದು ಗೇಣು ಆಚೆ ವಾಲುತ್ತಿತ್ತು. ನಡೆಯುವಾಗ ಕಂಬವನ್ನು ತಪ್ಪಿಸಿಕೊಳ್ಳುವಂತೆ, ಅಷ್ಟು ಸಹಜವಾಗಿ.

ನಾನು ಹತ್ತನೇ ಇಯತ್ತೆಗೆ ಬಂದ ವರ್ಷ ವಿಜ್ಞಾನದ ಮಾಸ್ತರರು ತರಗತಿಗೆ ಎರಡು ಮಣ್ಣಿನ ಕುಂಡ ತಂದರು. ಎರಡರಲ್ಲೂ ಅದೇ ಮಣ್ಣು, ಅದೇ ಅವರೆ ಬೀಜ, ಅಷ್ಟೇ ನೀರು. ಒಂದನ್ನು ಕಿಟಕಿಯಲ್ಲಿಟ್ಟರು, ಇನ್ನೊಂದರ ಮೇಲೆ ಬುಟ್ಟಿ ಕವುಚಿದರು. ಹದಿನೈದು ದಿನದ ಮೇಲೆ ಬುಟ್ಟಿ ಎತ್ತಿದಾಗ ಕಂಡ ಬಿಳಿಚಿದ ಸಸಿಯನ್ನು ನಾನು ಇಂದಿಗೂ ಮರೆತಿಲ್ಲ. ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟು ನೋಡಿದರೆ ಮಾತ್ರ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ ಎಂದು ಮಾಸ್ತರರು ಹೇಳಿದರು. ನನಗೆ ಲೋಕವೇ ಕೈಗೆ ಸಿಕ್ಕಂತಾಯಿತು. ಮನೆಗೆ ಬಂದವನೇ ಎಲ್ಲವನ್ನೂ ಪ್ರಶ್ನಿಸತೊಡಗಿದೆ. ಅದೇ ಹೊತ್ತಿಗೆ ಮಾಲಾ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಸಂಜೆ ಎಲ್ಲರೂ ಉಣ್ಣಲು ಕೂತಿದ್ದೆವು. ಅನ್ನ, ಹುರುಳಿಯ ಸಾರು. ಆಯಿ ಬರುವ ಭಾನುವಾರ ಬೇರು ತರುವ ಮಾತು ತೆಗೆದಳು.

"ತೊಡಿಗೆ ಬೇರು ಕಟ್ಟಿದ್ರ ಹೊಟ್ಟ್ಯಾಗಿನ ಕೂಸಿಗೆ ಹೆಂಗ ಗೊತ್ತಾಗತೈತಿ?" ಎಂದೆ ನಾನು.

"ನಿನಗ ಗೊತ್ತಾಗಿತ್ತಲ್ಲ," ಎಂದಳು ಆಯಿ. "ಬರಂಗಿಲ್ಲಂತ ಎರಡು ದಿನ ಹಟಾ ಹಿಡದು ಕುಂತಿದ್ದಿ. ಬೇರು ಕಟ್ಟಿದ ಕೂಡ್ಲೆ ಬಂದಿ, ಚಾ ಆಗೈತಿ ಅಂತ ಕರದಂಗ."

ಎಲ್ಲರೂ ನಕ್ಕರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಟ್ಟದಿದ್ರೂ ಬರತಿದ್ದೆ."

"ಭಾಳ ಶಾಣ್ಯಾ ಅದಿ ಬಿಡಪ್ಪಾ. ಒಳಗ ಇದ್ದಾಗ ನಿಮ್ಮ ಮಾಸ್ತರನ್ನ ಕೇಳಿ ಬರಬೇಕಿತ್ತು."

ಮತ್ತೆ ನಗು. ಬಾಗಿಲ ಹತ್ತಿರ ಕಡೆಗೆ ಕೂತು ಉಣ್ಣುವ ಶೇವಂತಿ ಅತ್ತೆಯೂ ನಗುತ್ತಿದ್ದಳು. ಅವಳ ಪರವಾಗಿಯೇ ಮಾತಾಡುತ್ತಿದ್ದೇನೆಂಬ ಹುರುಪಿನಲ್ಲಿ ನಾನು ದನಿ ಏರಿಸಿದೆ.

"ಅತ್ತಿ ಮುಟ್ಟಬಾರದು, ನೀ ಮುಟ್ಟಬಹುದು. ನೀನೂ ಗಂಡ ಸತ್ತಾಕಿನ ಅಲ್ಲಾ?"

ಅಪ್ಪನ ಎಡಗೈ ನನ್ನ ಕೆನ್ನೆಗೆ ಬಿತ್ತು. ಬಲಗೈಯಲ್ಲಿ ಅನ್ನವಿತ್ತು. ಆಯಿ ತಲೆ ಎತ್ತಲಿಲ್ಲ. ಸೂಲಗಿತ್ತಿಯ ಕೈಗೆ ಆ ನಿಯಮವಿಲ್ಲ, ಅದು ದೇವರ ಕೈ ಎಂದು ಅವ್ವ ಮೆಲ್ಲಗೆ ಹೇಳಿದಳು. ನಾನು ತಾಟು ಬಿಟ್ಟೆದ್ದು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅತ್ತೆ ಒಂದು ಬೆಲ್ಲದ ತುಣುಕು ಹಿಡಿದು ಬಂದಳು.

"ನನ್ನ ಸಲುವಾಗಿ ಯಾಕ ಬಡಿಸ್ಕೋತಿ? ಆ ಡಬ್ಬಿ ಮುಟ್ಟದಿದ್ರ ನನ್ನ ಕೈ ಏನ ಕೆರೀತಾವೇನು? ತಗೋ, ತಿನ್ನು."

ಬೆಲ್ಲ ತಿಂದೆ. ಆದರೆ ಒಳಗಿನ ಕುದಿ ಇಳಿಯಲಿಲ್ಲ. ಅದು ಅತ್ತೆಗಾಗಿ ಆಗಿತ್ತೆಂದು ಬಹಳ ವರ್ಷ ನನ್ನನ್ನು ನಾನು ನಂಬಿಸಿಕೊಂಡೆ. ನಿಜವಾಗಿ ನನಗೆ ನೋವಾದದ್ದು ಆ ನಗುವಿನಿಂದ. ಎಲ್ಲರ ಮುಂದೆ ಗೆಲ್ಲಬೇಕಿತ್ತು ನನಗೆ, ಅಷ್ಟೇ.

ಭಾನುವಾರ ಆಯಿ ನದಿಯಿಂದ ಬಾಯಿ ಬಿಗಿದುಕೊಂಡು ಬಂದು ಬೇರನ್ನು ಡಬ್ಬಿಗೆ ಹಾಕಿದಳು. ಮರುದಿನ ಅವ್ವ ಮತ್ತು ಅತ್ತೆ ಬಟ್ಟೆ ಒಗೆಯಲು ಹೋದಾಗ ನಾನು ಹಿತ್ತಲಿನಲ್ಲಿ ಒಂದು ಹರಿವೆಯ ಗಿಡ ಕಿತ್ತೆ. ಪಲ್ಯ ಮಾಡುವ, ದಂಟು ಕೆಂಪಗಿರುವ ಹರಿವೆ. ತೊಳೆದ ಮೇಲೆ ಅದರ ಬೇರು ಉತ್ತರಾಣಿಯ ಬೇರಿನ ಹಾಗೇ ಕಾಣುತ್ತಿತ್ತು, ಸ್ವಲ್ಪ ದಪ್ಪವಿತ್ತು, ಹೊರಗಿನ ಸಿಪ್ಪೆ ಕೆರೆದು ತೆಳ್ಳಗೆ ಮಾಡಿದೆ. ಅಷ್ಟೇ ಉದ್ದಕ್ಕೆ ಕತ್ತರಿಸಿ ಅರಿಸಿನ ಹಚ್ಚಿ ಡಬ್ಬಿಯಲ್ಲಿಟ್ಟೆ. ಆಯಿಯ ಬೇರನ್ನು ಹಿತ್ತಲ ಗೋಡೆಯಾಚೆ ಎಸೆದೆ. ಹೆರಿಗೆ ಸುಸೂತ್ರವಾಗಿ ಮುಗಿದು, ತೊಟ್ಟಿಲಿಗೆ ಹಾಕುವ ದಿನ, ಎಲ್ಲರೂ ಉಣ್ಣಲು ಕೂತಾಗ ಹೇಳಬೇಕೆಂದು ಮಾತನ್ನೂ ಸಿದ್ಧ ಮಾಡಿಟ್ಟುಕೊಂಡೆ. 'ಆಯಿ, ಅದು ಹರಿವೆ ಬೇರು.' ಇಷ್ಟೇ ಹೇಳಿ ನೀರು ಕುಡಿಯಬೇಕು, ಆಗ ಯಾರು ನಗುತ್ತಾರೆ ನೋಡಬೇಕು. ಅಕ್ಕನ ಜೀವದೊಂದಿಗೆ ಆಡುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಬೇರಿನಲ್ಲಿ ಏನೂ ಇಲ್ಲ ಎಂದು ನಂಬಿದ್ದೆ. ಏನೂ ಇಲ್ಲದ್ದನ್ನು ತೆಗೆದು ಏನೂ ಇಲ್ಲದ್ದನ್ನು ಇಟ್ಟರೆ ಏನಾದೀತು?

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅಕ್ಕನಿಗೆ ನೋವು ಶುರುವಾಯಿತು. ಅಪ್ಪ ಕೆಲಸಕ್ಕೆ ಹೋಗಿದ್ದ. ಅವ್ವ ಒಳಗೆ ಅಕ್ಕನ ಬೆನ್ನು ಹಿಡಿದು ಕೂತಿದ್ದಳು. ಅತ್ತೆ ಹಿತ್ತಲಿನಲ್ಲಿ ನೀರು ಕಾಯಿಸುತ್ತಿದ್ದಳು. ನಾನು ಶಾಲೆಗೆ ಹೋಗದೆ ಅಡುಗೆಮನೆಯಲ್ಲಿ ನಿಂತಿದ್ದೆ. ಕತ್ತಲೆ ಕೋಣೆಯಿಂದ ಆಯಿಯ ದನಿ ಬಂತು.

"ಪರಸೂ, ಡಬ್ಬ್ಯಾಗಿನ ಬೇರು ಕೊಡು."

ನಾನು ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮಾಡದಲ್ಲೇ ಇಟ್ಟು ನಿಂತುಬಿಟ್ಟೆ. ಗೋಡೆಯ ಆಚೆ ಅಕ್ಕ ಒದರುತ್ತಿದ್ದಳು. ಅಂಥ ದನಿಯನ್ನು ನಾನು ಅವಳಿಂದ ಕೇಳಿರಲೇ ಇಲ್ಲ. ನನ್ನ ಕೈಯಾರೆ ಆ ಹರಿವೆಯ ಬೇರನ್ನು ಕೊಡಲು ಆಗಲಿಲ್ಲ. ಅದು ಹರಿವೆಯ ಬೇರು ಎಂದು ಹೇಳಲೂ ಆಗಲಿಲ್ಲ. ಈಗ ಓಡಿದರೆ ನದಿಯ ದಂಡೆಯಿಂದ ಬೇರೆ ಕಿತ್ತು ತರಬಹುದು ಎಂದು ಒಮ್ಮೆ ಅನ್ನಿಸಿತು. ಓಡಿದರೆ ಯಾಕೆಂದು ಹೇಳಬೇಕಲ್ಲ.

"ಪರಸೂ, ಎಲ್ಲಿ ಸತ್ತಿ?"

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲಿನಿಂದ ಓಡಿಬಂದಳು. "ಯಾಕೋ, ಕಿವಿ ಕೇಳಸವಲ್ವೇನು? ಸರಿ ಅತ್ಲಾಗ," ಎಂದು ನನ್ನನ್ನು ಬದಿಗೆ ಸರಿಸಿದಳು. ಡಬ್ಬಿಯಿಂದ ಬೇರನ್ನು ತೆಗೆದಳು. ಕೋಣೆಯ ಬಾಗಿಲನ್ನು ಒಂದಿಷ್ಟು ಸರಿಸಿ ಕೈ ಒಳಗೆ ಚಾಚಿದಳು. ಒಳಗಿನ ಕೈ ಅದನ್ನು ತೆಗೆದುಕೊಂಡಿತು. ಬಳೆಯಿಲ್ಲದ ಆ ಮುಂಗೈಯನ್ನು ಆಯಿ ನೋಡಿರಲೇಬೇಕು.

ಮಧ್ಯಾಹ್ನವಾದರೂ ಕೂಸು ಬರಲಿಲ್ಲ. ನೋವು ಬಂದು ಬಂದು ಸಡಿಲಾಗುತ್ತಿತ್ತು. ಆಯಿ ದಾರ ಬಿಚ್ಚಿ ಮತ್ತೆ ಕಟ್ಟಿದಳು, ಉಳಿದದ್ದನ್ನು ಮತ್ತೆ ತೇಯ್ದಳು. ಬಿಸಿಲು ಇಳಿಮುಖವಾದಾಗ ಅವಳು ಹೊರಗೆ ಬಂದು, "ಗಾಡಿ ನೋಡ್ರಿ," ಎಂದಳು. ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಕಾರ್ಖಾನೆಗೆ ಓಡಿ ಅಪ್ಪನನ್ನು ಕರೆತಂದೆ. ಲಾರಿಯ ಚಾಲಕ ದಸ್ತಗೀರ ಚಾಚಾ ಏರಿಸಿದ್ದ ಹಂಚನ್ನೆಲ್ಲ ಇಳಿಸಿ, ಹುಲ್ಲು ಹಾಸಿ, ಅಕ್ಕನನ್ನು ಮಲಗಿಸಿ, ಅವ್ವನನ್ನೂ ಆಯಿಯನ್ನೂ ಹತ್ತಿಸಿಕೊಂಡು ಬೆಳಗಾವಿಯ ಆಸ್ಪತ್ರೆಗೆ ಹೊರಟ. ಅಕ್ಕ ಉಳಿದಳು. ಕೂಸು ಗಂಡು. ಅಳಲಿಲ್ಲ.

ಮೂರನೇ ದಿನ ಆಯಿ ರೈಲಿನಲ್ಲಿ ಒಬ್ಬಳೇ ವಾಪಸು ಬಂದಳು. ಸಂಜೆ ಉಣ್ಣಲು ಕೂತೆವು. ಅಪ್ಪ, ಅವಳು, ನಾನು. ಅತ್ತೆ ಬಡಿಸಿ ಬಾಗಿಲ ಹತ್ತಿರ ತನ್ನ ತಾಟು ಹಿಡಿದು ನಿಂತಿದ್ದಳು. ಆಯಿ ಅನ್ನ ಮುಟ್ಟದೆ ನನ್ನ ಕಡೆಗೆ ತಿರುಗಿದಳು.

"ಅವತ್ತ ಬೇರು ನಾ ನಿನಗ ಕೇಳಿದ್ದೆ. ಕೊಟ್ಟಾವರ ಯಾರು?"

ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. ನಾನು ಹೇಳಬಹುದಾಗಿದ್ದ ಮಾತು ಮೂರೇ ಪದದ್ದು, ಅದನ್ನು ತಿಂಗಳಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಅತ್ತಿ," ಎಂದೆ.

ಅದು ಸುಳ್ಳಾಗಿರಲಿಲ್ಲ. ನನ್ನ ಜೀವನದಲ್ಲಿ ನಾನು ಹೇಳಿದ ಎಷ್ಟೋ ಸುಳ್ಳುಗಳನ್ನು ಮರೆತಿದ್ದೇನೆ, ಈ ನಿಜವನ್ನು ಮರೆಯಲು ಆಗಿಲ್ಲ.

"ಹೌದವ್ವಾ, ನಾನ ಕೊಟ್ಟೆ," ಎಂದಳು ಅತ್ತೆ. "ಹುಡುಗ ಹೆದರಿ ನಿಂತಿದ್ದ. ಮಾಲಾ ಒದರಾಕತ್ತಿದ್ಲು. ಆ ವ್ಯಾಳ್ಯಾಕ್ಕ ನನಗ ನೆನಪ ಆಗಲಿಲ್ಲ."

"ನೆನಪ ಆಗಲಿಲ್ಲ," ಎಂದು ಆಯಿ ಆ ಮಾತನ್ನೇ ಮೆಲ್ಲಗೆ ಮತ್ತೊಮ್ಮೆ ಹೇಳಿದಳು. ಮಗಳನ್ನು ಬೈಯಲಿಲ್ಲ. ಅಪ್ಪ ತಾಟು ನೋಡುತ್ತ ಕೂತಿದ್ದ. ಅತ್ತೆ ತನ್ನ ತಾಟನ್ನು ಹಾಗೇ ಹಿತ್ತಲಿಗೆ ತೆಗೆದುಕೊಂಡು ಹೋದಳು.

ಆಮೇಲೆ ಯಾರೂ ಜಗಳವಾಡಲಿಲ್ಲ. ಜಗಳವಾಗಿದ್ದರೆ ನಾನು ನಡುವೆ ಬಾಯಿಬಿಡುತ್ತಿದ್ದೆನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ನನ್ನ ನೆಪವೇ. ಅಕ್ಕ ಆಸ್ಪತ್ರೆಯಿಂದ ಬಂದಳು. ಅವಳ ಊಟ ಅವ್ವ ಒಯ್ಯಬೇಕು, ಅತ್ತೆ ಅಲ್ಲ. ಅವಳ ಬಟ್ಟೆ ಅವ್ವ ಒಗೆಯಬೇಕು. ಒಂದು ಸಂಜೆ ಅಕ್ಕ, "ಅತ್ತೀ, ತಲಿ ಗಂಟಾಗೈತಿ, ಬಾಚು ಬಾ," ಎಂದು ಕರೆದಳು. ಅತ್ತೆ ಹಣಿಗೆ ಹಿಡಿದು ಬಾಗಿಲವರೆಗೆ ಬಂದು, ಅಲ್ಲಿಂದ ಹಣಿಗೆಯನ್ನು ನನ್ನ ಕೈಗೆ ಕೊಟ್ಟು ಹೊರಟುಹೋದಳು. ನಾನು ಅಕ್ಕನ ತಲೆ ಬಾಚಿದೆ. ಬಾಚಲು ಬರುತ್ತಿರಲಿಲ್ಲ, ಅವಳಿಗೆ ನೋವಾಯಿತು. ಎರಡು ತಿಂಗಳೊಳಗೆ ಬೆಳಗಾವಿಯ ಖಾಸಬಾಗದಲ್ಲಿ ನಮ್ಮ ದೂರದ ಸಂಬಂಧದ ನೇಕಾರರ ಮನೆಯಲ್ಲಿ ನೂಲು ಸುತ್ತಲು ಆಳು ಬೇಕಾಗಿದೆಯೆಂದು ಅಪ್ಪನೇ ಗೊತ್ತುಮಾಡಿಕೊಂಡು ಬಂದ. ಅಲ್ಲಿ ಶೇವಂತಿಗೆ ಒಂದು ಕೋಣೆ ಕೊಡುತ್ತಾರಂತೆ ಎಂದು ಗೋಡೆಗೆ ಹೇಳಿದಂತೆ ಹೇಳಿದ. ಅತ್ತೆ, "ಛಲೋ ಆತು," ಎಂದಳು.

ನಿಲ್ದಾಣಕ್ಕೆ ಅವಳ ಟ್ರಂಕು ಹೊತ್ತವನು ನಾನೇ. ರೈಲು ಬರಲು ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತು ಅವಳು ನನಗೆ ಬುದ್ಧಿ ಹೇಳಿದಳು.

"ಅಭ್ಯಾಸ ಮಾಡು. ಆಯಿ ಜೋಡಿ ವಾದಾ ಮಾಡಬ್ಯಾಡ. ಆಕಿ ಹೇಳೂದ ಖರೇ ಇತ್ತು ನೋಡು. ನಾ ನಿನ್ನ ಮಾತು ಕೇಳಿ ಮನಸಿನಾಗ ನಗತಿದ್ದೆ, ಈ ಹುಡುಗ ಹೇಳೂದು ಬರೋಬ್ಬರಿ ಐತಿ ಅಂತ. ಅದಕ್ಕ ಹಿಂಗಾತೇನೋ."

"ಅತ್ತೀ," ಎಂದೆ.

"ಏನೋ?"

ರೈಲಿನ ಸದ್ದು ಕೇಳಿಸಿತು. "ನೀರಿನ ತಂಬಿಗಿ ಇಲ್ಲೇ ಬಿಟ್ಟಿ," ಎಂದು ತಂಬಿಗೆಯನ್ನು ಎತ್ತಿ ಅವಳ ಕೈಗೆ ಕೊಟ್ಟೆ.

ಆಯಿ ಆಮೇಲೂ ನಾಲ್ಕು ವರ್ಷ ಹೆರಿಗೆ ಮಾಡಿಸಿದಳು. ಅವಳ ಕೈ ನಡುಗಲಿಲ್ಲ. ಅದರ ಅರ್ಥ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ತಪ್ಪು ಅತ್ತೆಯ ಮುಟ್ಟುವಿಕೆಯದಾದರೆ ಅದು ಬೇರಿನದಲ್ಲ, ಆಯಿಯ ಕೈಯದೂ ಅಲ್ಲ. ಹಾಗೆ ನಂಬದಿದ್ದರೆ ಅವಳು ಮತ್ತೊಂದು ಮನೆಯ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಮಗಳನ್ನು ಕಳಿಸಿ ತನ್ನ ಕೈಗಳನ್ನು ಉಳಿಸಿಕೊಂಡಳು. ನಾನು ಹೇಳಿದ್ದರೆ ಆ ಎರಡರಲ್ಲಿ ಯಾವುದನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ, ಕಳೆದುಕೊಳ್ಳಬೇಕಾದದ್ದು ನನ್ನನ್ನು ಮಾತ್ರ. ಅವಳು ಸತ್ತಾಗ ಅತ್ತೆ ಬಂದಿದ್ದಳು. ಓಣಿಯ ಒಬ್ಬ ಬಸುರಿ ನೋಡಲು ಬಂದದ್ದೇ ಎದ್ದು ಹಿತ್ತಲಿಗೆ ಹೋದಳು. ಆಗ ನಾನು ಅದನ್ನು ಕಂಡೂ ಕಾಣದವನಂತಿದ್ದೆ.

ಎಸ್ಸೆಸ್ಸೆಲ್ಸಿಯ ನಂತರ ನಾನು ಓದಲಿಲ್ಲ. ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು, ಬೆಳಗಾವಿಯ ಒಂದು ಕಾಲೇಜಿನಲ್ಲಿ ಔಷಧಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಅಟೆಂಡರ್ ಆಗಿ ಸೇರಿದೆ. ಟಿಳಕವಾಡಿಯಲ್ಲಿ, ರೈಲು ಹಳಿಯ ಹತ್ತಿರ ಒಂದು ಕೋಣೆ ಹಿಡಿದೆ. ಖಾಸಬಾಗ ಅಲ್ಲಿಂದ ನಡೆದು ಹೋಗುವಷ್ಟು ದೂರ. ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ, ಅತ್ತೆಯ ಕಟ್ಟೆಯ ಮೇಲೆ ಕೂತು ಚಹ ಕುಡಿದು, ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂಬ ನೆಪದಲ್ಲಿ ಹೆಚ್ಚು ಮಾತಾಡದೆ ಬರುತ್ತಿದ್ದೆ. ವಿಭಾಗದಲ್ಲಿ ಧಾರವಾಡದ ಕಡೆಯ ಒಬ್ಬ ಮೇಡಂ ಇದ್ದರು. ಹಳ್ಳಿಯ ಸೂಲಗಿತ್ತಿಯರು ಬಳಸುವ ಗಿಡಗಳಲ್ಲಿ ನಿಜವಾಗಿ ಏನಿದೆಯೆಂದು ನೋಡುವುದು ಅವರ ಕೆಲಸ. ಒಂದು ದಿನ ನನ್ನನ್ನು ಕರೆದರು.

"ಪರಶುರಾಮ, ನೀವು ಖಾನಾಪುರದವರಲ್ಲಾ? ಆ ಕಡಿ ಉತ್ತರಾಣಿ ಬೇರು ತಂದ ಕೊಡ್ತೀರೇನು? ಕೆಂಪು ದಂಟಿಂದು ಬೇಕು."

ಶನಿವಾರ ಊರಿಗೆ ಹೋದೆ. ದನ ನೀರಿಗಿಳಿಯುವ ಜಾಗ ಹಾಗೇ ಇತ್ತು. ಬೇರು ಕಿತ್ತೆ. ಆಮೇಲೆ, ಯಾಕೆಂದು ಯೋಚಿಸುವ ಮೊದಲೇ, ಮನೆಯ ಹಿತ್ತಲಿಗೆ ಹೋಗಿ ಒಂದು ಕೆಂಪು ಹರಿವೆಯನ್ನೂ ಕಿತ್ತೆ. ಇದನ್ನೂ ಹಾಕಿ ನೋಡಬಹುದೇ ಎಂದು ಮೇಡಂ ಅವರನ್ನು ಕೇಳಿದೆ. ಎರಡೂ ಒಂದೇ ಕುಟುಂಬದ ಗಿಡ, ಹೋಲಿಸಿ ನೋಡಲು ಒಳ್ಳೆಯದೇ ಆಯಿತು ಎಂದು ಅವರು ಖುಷಿಪಟ್ಟರು.

ಪರೀಕ್ಷೆಯ ಸಿದ್ಧತೆ ನನ್ನದೇ. ನುಣುಪು ಕಾಗದವನ್ನು ಒಂದು ಲೋಹದ ಉರುಳೆಗೆ ಸುತ್ತಿ, ಸೀಮೆಎಣ್ಣೆಯ ಹೊಗೆಯಲ್ಲಿ ತಿರುಗಿಸಿ ಕಪ್ಪು ಮಸಿ ಹಿಡಿಸಬೇಕು. ಬಿಳಿ ಇಲಿಯ ಗರ್ಭಕೋಶದಿಂದ ಬೆರಳಿನಷ್ಟೂ ಉದ್ದವಿಲ್ಲದ ಒಂದು ತುಣುಕನ್ನು ಮೇಡಂ ಬಿಡಿಸಿ, ಎರಡೂ ತುದಿಗೆ ದಾರ ಕಟ್ಟಿ, ಮೈಯಷ್ಟೇ ಬೆಚ್ಚಗಿನ ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ತೂಗಿಬಿಡುತ್ತಿದ್ದರು. ಮೇಲಿನ ದಾರ ಒಂದು ಕಡ್ಡಿಗೆ. ತುಣುಕು ಕುಗ್ಗಿದರೆ ಕಡ್ಡಿಯ ತುದಿ ಮೇಲೇರಿ, ತಿರುಗುವ ಮಸಿಯ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಇಲಿ ಸತ್ತ ಮೇಲೂ ಆ ತುಣುಕು ತನ್ನ ಪಾಡಿಗೆ ಮೆಲ್ಲಗೆ ಕುಗ್ಗಿ ಹಿಗ್ಗುತ್ತ ಸಣ್ಣ ಸಣ್ಣ ದಿಬ್ಬಗಳನ್ನು ಬರೆಯುತ್ತಿತ್ತು. ಮೇಡಂ ಮೊದಲು ಹರಿವೆಯ ರಸದ ಹನಿ ಬಿಟ್ಟರು. ದಿಬ್ಬಗಳು ಹಾಗೇ ಇದ್ದವು. ನೀರು ಬದಲಿಸಿ, ಕಾದು, ಉತ್ತರಾಣಿಯ ಹನಿ ಬಿಟ್ಟರು. ಕಡ್ಡಿ ಒಮ್ಮೆ ನಡುಗಿ ಮೇಲೆ ಹೋಯಿತು. ಕೆಳಗೆ ಬರಲೇ ಇಲ್ಲ. ಇಳಿಯುವ ಮೊದಲೇ ಮತ್ತೊಂದು ಏರು, ಅದರ ಮೇಲೆ ಮತ್ತೊಂದು. ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ. ಬುಟ್ಟಿ ಕವುಚಿದ್ದ ನನ್ನ ಕುಂಡವನ್ನು ಹನ್ನೊಂದು ವರ್ಷದ ಮೇಲೆ ಯಾರೋ ಎತ್ತಿ ತೋರಿಸಿದಂತಾಯಿತು.

"ಮೇಡಂ, ಹೆರಿಗೀ ಹೊತ್ತಿನಾಗ ಇದರ ಬದಲಿ ಹರವಿ ಬೇರು ಕಟ್ಟಿದ್ರ?" ಎಂದು ಕೇಳಿದೆ.

ಅವರು ಕಡ್ಡಿಯಿಂದ ಕಣ್ಣು ತೆಗೆಯದೆ ಹೇಳಿದರು. "ಇದು ಇಲಿದು, ಗಾಜಿನ ಕೊಳವಿ. ತೊಡಿಗೆ ಕಟ್ಟಿದ್ದು, ಚರ್ಮಕ್ಕ ಹಚ್ಚಿದ್ದು ಒಳಗ ಎಷ್ಟು ಹೋಗತದ ಯಾರಿಗೂ ಗೊತ್ತಿಲ್ಲ. ಏನೂ ಆಗದೇ ಇರಬಹುದು. ಕೂಸು ಅಡ್ಡ ಇತ್ತಂದ್ರ, ಹಿಂಗ ಎಳದ್ರ ತಾಯಿನೂ ಉಳಿಯೂದಿಲ್ಲ. ಯಾಕ ಕೇಳಿದ್ರಿ?"

"ಸುಮ್ನ," ಎಂದೆ.

ಗೆರೆ ಅಳಿಯದಿರಲೆಂದು ಆ ಕಾಗದವನ್ನು ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸುವಾಗ ನನಗೆ ತಪ್ಪಿಸಿಕೊಳ್ಳುವ ದಾರಿಗಳು ಒಂದಲ್ಲ ಎರಡು ಕಾಣಿಸಿದವು. ಬೇರಿನಿಂದ ಏನೂ ಆಗುತ್ತಿರಲಿಲ್ಲವೇನೋ. ನಾನು ಬದಲಿಸಿದ್ದೇ ಅಕ್ಕನನ್ನು ಉಳಿಸಿತೇನೋ. ಕೂಸಿನ ವಿಷಯದಲ್ಲಿ ನಾನು ತಪ್ಪಿತಸ್ಥನೋ ಅಲ್ಲವೋ ಎಂದು ಯಾವ ಉರುಳೆಯೂ ಬರೆದು ಹೇಳಲಾರದು, ಅದನ್ನು ತಿಳಿಯದೆಯೇ ನಾನು ಸಾಯುತ್ತೇನೆ. ಆದರೆ ಅತ್ತೆಯ ವಿಷಯದಲ್ಲಿ ಪರೀಕ್ಷಿಸಲು ಏನೂ ಇರಲಿಲ್ಲ. ಅವಳು ಮುಟ್ಟಿದ್ದು ಪಲ್ಯದ ಬೇರು. ಅದು ಆ ದಿನವೇ ನನಗೆ ಗೊತ್ತಿತ್ತು. ಕೈ ತೊಳೆದುಕೊಂಡು, ಅರ್ಧ ದಿನದ ರಜೆ ಹೇಳಿ ಖಾಸಬಾಗಕ್ಕೆ ನಡೆದೆ.

ಅತ್ತೆ ಕಟ್ಟೆಯ ಮೇಲೆ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದಳು. ಹಬ್ಬವಲ್ಲದ ದಿನ ನಾನು ಬಂದದ್ದು ನೋಡಿ, "ಯಾರಿಗೇನಾತು?" ಎಂದು ಎದ್ದಳು. ಯಾರಿಗೂ ಏನೂ ಆಗಿಲ್ಲ ಎಂದು ಕೂರಿಸಿ, ಹೇಳಿದೆ. ಹಿತ್ತಲ ಹರಿವೆ, ಸಿಪ್ಪೆ ಕೆರೆದದ್ದು, ಅರಿಸಿನ, ಡಬ್ಬಿ, ಎಲ್ಲ. ಅವಳು ರಾಟೆ ನಿಲ್ಲಿಸಿರಲಿಲ್ಲ. ಮುಗಿಯುವ ಹೊತ್ತಿಗೆ ನೂಲು ಕಡಿದಿತ್ತು, ಅದನ್ನು ಗಂಟು ಹಾಕದೆ ಹಾಗೇ ಬಿಟ್ಟಳು.

"ಹರವಿ ಬೇರು?" ಎಂದಳು.

"ಹೌದು ಅತ್ತಿ."

"ಪಲ್ಯಾ ಮಾಡೂ ಹರವಿ?"

"ಹೌದು."

"ನಮ್ಮವ್ವಗ ಹೇಳಿದ್ಯೇನು? ಸಾಯೂ ಮುಂಚೆ?"

"ಇಲ್ಲ."

"ಮಾಲಾಗ?"

"ಇಲ್ಲ." ಅಕ್ಕನಿಗೆ ಆಮೇಲೂ ಹೇಳಲಿಲ್ಲ. ಆ ಕೂಸಿನ ನಂತರ ಅವಳಿಗೆ ಆಸ್ಪತ್ರೆಯಲ್ಲೇ ಇಬ್ಬರು ಮಕ್ಕಳಾಗಿದ್ದರು. ಹೋದ ವರ್ಷ ಅವಳು ತೀರಿಕೊಂಡಳು, ಆಗಲೂ ಹೇಳಿರಲಿಲ್ಲ.

ಅತ್ತೆ ನನ್ನನ್ನು ಹೊಡೆಯುತ್ತಾಳೆಂದುಕೊಂಡಿದ್ದೆ, ಹೊಡೆಯಲೆಂದು ಬಯಸಿದ್ದೆ. ಅವಳು ಬೆರಳು ಮಡಿಚಿ ಏನನ್ನೋ ನೆನಪಿಸಿಕೊಳ್ಳತೊಡಗಿದಳು. ನೇಕಾರರ ದೊಡ್ಡ ಸೊಸೆಯ ಎರಡು ಹೆರಿಗೆ, ಸಣ್ಣ ಸೊಸೆಯದೊಂದು, ಎದುರು ಮನೆಯವರ ಅವಳಿಜವಳಿ, ಅಕ್ಕನ ಇಬ್ಬರು ಮಕ್ಕಳ ತೊಟ್ಟಿಲು. ಯಾವುದಕ್ಕೂ ಅವಳು ಹೋಗಿರಲಿಲ್ಲ. ಬಸುರಿಯರು ಅಂಗಳದಲ್ಲಿ ಕೂತಿದ್ದರೆ ಹಿಂದಿನ ಬಾಗಿಲಿನಿಂದ ನೀರಿಗೆ ಹೋಗುತ್ತಿದ್ದಳಂತೆ. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಖಾಸಬಾಗದಲ್ಲಿ ಯಾರಿಗೂ ಆ ಸಂಗತಿ ಗೊತ್ತೇ ಇರಲಿಲ್ಲ. ಅವಳಿಗೆ ಮಕ್ಕಳೆಂದರೆ ಆಗುವುದಿಲ್ಲ ಎಂದು ವಠಾರದವರು ತಿಳಿದಿದ್ದರು. ನನ್ನನ್ನು ಎತ್ತಿ ಆಡಿಸಿದವಳ ಬಗ್ಗೆ ಆ ಮಾತು.

"ಹಂಗಾರ ನಾ ಈಗ ಹೋಗಬಹುದೇನು?" ಎಂದಳು.

"ಎಲ್ಲಿಗೆ?"

"ಬಾಜು ಮನಿ ಹುಡುಗಿ ಬಾಣಂತನಕ್ಕ ಬಂದಾಳ, ಸುನಂದಾ. ತಾಯಿ ಇಲ್ಲ ಆಕಿಗೆ. ದಿನಾ ಕರೀತಾಳ, ಕಾಕೂ, ತಲಿಗೆ ಎಣ್ಣಿ ಹಚ್ಚಿ ಕೊಡು ಬಾ ಅಂತ."

"ಹೋಗು ಅತ್ತಿ. ಈಗ ಹೋಗು."

ಅವಳು ಒಳಗೆ ಹೋಗಿ ಮುಖ ತೊಳೆದಳು, ಬೇರೆ ಸೀರೆ ಉಟ್ಟಳು. ಎಣ್ಣೆಯ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು. ಪಕ್ಕದ ಮನೆ ಹತ್ತೇ ಹೆಜ್ಜೆ. ಮೆಟ್ಟಿಲ ಹತ್ತಿರ ಬಂದು ನಿಂತಳು. "ಇನ್ನೊಮ್ಮೆ ಹೇಳು," ಎಂದಳು. ಹೇಳಿದೆ. "ಅದು ಹರವಿ ಬೇರು, ಅತ್ತಿ. ನಾನ ಇಟ್ಟಿದ್ದೆ." ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ದನಿ ಕೇಳಿ ಆ ಹುಡುಗಿಯೇ ಬಾಗಿಲಿಗೆ ಬಂದಳು. ತುಂಬಿದ ಹೊಟ್ಟೆ, ಕೆದರಿದ ಕೂದಲು, ಮುಖದ ತುಂಬ ನಗು.

"ಅಯ್ಯ, ಕಾಕೂ ಬಂದಾಳ. ಕುಂದರ ಬಾ."

ಅತ್ತೆ ನಕ್ಕಳು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಎಣ್ಣೆಯ ಬಾಟಲಿಯನ್ನು ನಾನು ಅವಳ ಕಡೆ ಚಾಚಿದೆ, ಅವಳು ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ನನ್ನ ಕಡೆ ತಿರುಗಿ, ಆ ಹುಡುಗಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು.

"ನಿನ್ನ ಮಾತು ನಾ ನಂಬೇನಿ ಪರಸು. ಕೈ ನಂಬವಲ್ವು."